ಮೊಳೆಗೆ ತೂಗುಹಾಕಿದ ಆರು ಎಕರೆ

ಚಿಕ್ಕೋಡಿ ಸೀಮೆಯಲ್ಲಿ ಹೊಲ ಇದ್ದವರಿಗೇನೂ ಕಡಿಮೆಯಿಲ್ಲ. ಹತ್ತು ಎಕರೆ ಕಬ್ಬಿನವರಿದ್ದಾರೆ, ಇಪ್ಪತ್ತು ಎಕರೆ ದ್ರಾಕ್ಷಿಯವರಿದ್ದಾರೆ, ತಮ್ಮ ಹೊಲ ಎಷ್ಟೆಂದು ತಲಾಠಿಯನ್ನು ಕೇಳಿ ತಿಳಿದುಕೊಳ್ಳುವವರೂ ಇದ್ದಾರೆ. ಆದರೆ ಆರು ಎಕರೆ ಎರೆ ಹೊಲವನ್ನು ಬಾವಿ ಸಮೇತ ಸುರುಳಿ ಸುತ್ತಿ, ಬಿದಿರು ಗಳಕ್ಕೆ ಕಟ್ಟಿ, ಮೊಳೆಗೆ ತೂಗುವಂತೆ ಮಾಡಿದವನು ಒಬ್ಬನೇ. ಅವನೇ ನಮ್ಮ ಕಾಕಾ! ಆ ಹೊಲಕ್ಕೆ ಬಿತ್ತನೆಯಿಲ್ಲ, ರಾಶಿಯಿಲ್ಲ, ಕಂದಾಯವೂ ಇಲ್ಲ. ಆದರೆ ಅದರ ದೆಸೆಯಿಂದ ನನ್ನ ಮದುವೆ ಮುರಿದು ಬೀಳುವುದರಲ್ಲಿತ್ತು. ಹೊಲದ ತಂಟೆಯಿಂದ ಮದುವೆ ಮುರಿಯುವುದು ನಮ್ಮ ಕಡೆ ಹೊಸದಲ್ಲ. ಇಲ್ಲದ ಹೊಲದ ತಂಟೆಯಿಂದ ಮುರಿಯಲು ಹೊರಟದ್ದು ಮಾತ್ರ ನನ್ನದೊಂದೇ ಇರಬೇಕು.

ಕಾಕಾ ಅಂದರೆ ನಮ್ಮಪ್ಪನ ತಮ್ಮ. ಚಿಕ್ಕೋಡಿಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಮದುವೆಯಾಗಲಿಲ್ಲ. ಆಗಲಿಲ್ಲ ಅನ್ನುವುದಕ್ಕಿಂತ ತಾನೇ ಆಗಗೊಡಲಿಲ್ಲ ಅನ್ನಬೇಕು. ಒಮ್ಮೆ ರಾಯಬಾಗ ಕಡೆ ಕನ್ಯಾ ನೋಡಲು ಕರೆದುಕೊಂಡು ಹೋಗಿದ್ದರಂತೆ. ಪಾಪ, ಆ ಹುಡುಗಿ ತಲೆ ತಗ್ಗಿಸಿಕೊಂಡು ಚಾ ತಂದಿಟ್ಟಳು. ಈ ಮಹಾರಾಯ ಕಿಟಕಿಯಾಚೆ ಅವರ ಹಿತ್ತಲಿನ ಬೇವಿನ ಮರ ನೋಡುತ್ತ ಕುಳಿತ. ಮನೆಗೆ ಬಂದ ಮೇಲೆ ನಮ್ಮವ್ವ ಹೆಂಗ ಅನಸ್ತು ಎಂದು ಕೇಳಿದರೆ, “ಸ್ವಲ್ಪ ಬಲಕ್ಕ ವಾಲೇತಿ ವೈನಿ, ಆದ್ರ ನೆಳ್ಳ ಛಲೋ ಐತಿ” ಅಂದ. ಅಲ್ಲಿಗೆ ನಮ್ಮ ಮನೆಯಲ್ಲಿ ಕಾಕಾನ ಮದುವೆಯ ಮಾತು ಮುಗಿಯಿತು.

ರವಿವಾರ ಬಂತೆಂದರೆ ಕಾಕಾ ಸೈಕಲ್ಲಿಗೆ ಹಲಗೆ, ಬಣ್ಣದ ಡಬ್ಬಿ, ಮಡಚುವ ಸ್ಟೂಲು ಕಟ್ಟಿಕೊಂಡು ಚಿತ್ರ ತೆಗೆಯಲು ಹೊರಡುತ್ತಿದ್ದ. ಲಂಗ ತೊಟ್ಟು ಶಾಲೆಗೆ ಹೋಗುವ ವಯಸ್ಸಿನಲ್ಲಿ ನಾನೂ ಹಿಂದಿನ ಸೀಟಿನಲ್ಲಿ ಕೊಡೆ ಹಿಡಿದು ಕೂಡಬೇಕಾಗುತ್ತಿತ್ತು. ಒಂದು ವಾರ ನಿಪ್ಪಾಣಿ ರಸ್ತೆಯ ತಂಬಾಕಿನ ಹೊಲ, ಇನ್ನೊಂದು ವಾರ ಊರ ಹೊರಗಿನ ಕಬ್ಬು. ಎದುರಿಗೆ ಆಳೆತ್ತರದ ಕಬ್ಬು ನಿಂತಿದೆ, ಕಾಲುವೆಯಲ್ಲಿ ಎಮ್ಮೆ ಮಲಗಿದೆ. ಕಾಕಾ ಕಣ್ಣು ಕಿರಿದು ಮಾಡಿ ನೋಡುತ್ತಾನೆ, ಬ್ರಶ್ಶಿನಿಂದ ಅಳತೆ ಹಿಡಿಯುತ್ತಾನೆ, ತಲೆ ಆ ಕಡೆ ಈ ಕಡೆ ವಾಲಿಸುತ್ತಾನೆ. ಎರಡು ತಾಸಿನ ಮೇಲೆ ಹಾಳೆ ನೋಡಿದರೆ ಅದರಲ್ಲಿ ಕಬ್ಬೂ ಇಲ್ಲ, ಕಾಲುವೆಯೂ ಇಲ್ಲ, ಎಮ್ಮೆಯಂತೂ ಇಲ್ಲವೇ ಇಲ್ಲ! ಕರ್ರಗಿನ ಎರೆ ಹೊಲ, ಒಂದು ಬಾವಿ, ಬಾವಿಯ ಕಡೆಗೆ ಬಾಗಿದ ಬೇವಿನ ಮರ, ದೂರದಲ್ಲೊಂದು ಬೋಳು ಗುಡ್ಡ. ಹೋದ ವಾರವೂ ಇದೇ. ಅದರ ಹಿಂದಿನ ವಾರವೂ ಇದೇ. ಕಾಗವಾಡದ ಕಡೆ ಹೋಗಿ ಹೊಳೆದಂಡೆಯಲ್ಲಿ ಕುಳಿತರೂ ಹಾಳೆಯ ಮೇಲೆ ಹನಿ ನೀರು ಬರಲಿಲ್ಲ. ಇದಕ್ಕೆ ಇಷ್ಟು ದೂರ ಸೈಕಲ್ಲು ಯಾಕೆ ತುಳಿಯಬೇಕು, ಮನೆಯ ಕಟ್ಟೆಯ ಮೇಲೆ ಕೂತರೆ ಸಾಲದೇ?

ಕಬ್ಬಿನ ಹೊಲದ ಯಜಮಾನನೊಬ್ಬ ತನ್ನ ಬೆಳೆಯ ಚಿತ್ರ ಹೇಗೆ ಬಂದಿದೆಯೆಂದು ಆಸೆಯಿಂದ ಬಗ್ಗಿ ನೋಡಿ, ಕಬ್ಬ ಕಾಣವಲ್ದಲ್ರಿ ಮಾಸ್ತರ ಅಂದ. ಕಾಕಾ ತಲೆ ಎತ್ತಲಿಲ್ಲ.

“ಇದ್ದದ್ದ ನೋಡಾಕ ನಿನಗ ಕಣ್ಣ ಅದಾವ. ಇಲ್ಲದ್ದ ತೋರ್ಸಾಕ ನಾ ಅದೀನಿ.”

ಆ ಪುಣ್ಯಾತ್ಮ ಮುಂದಿನ ವಾರ ತನ್ನ ಹೊಲದಲ್ಲಿ ನಮಗೆ ಕೂಡಗೊಡಲಿಲ್ಲ.

ಆ ಚಿತ್ರದ ಹೊಲ ಯಾವುದೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಥಣಿ ತಾಲೂಕಿನ ತೆಲಸಂಗದಲ್ಲಿ ನಮ್ಮ ಮುತ್ಯಾನದು, ಅಂದರೆ ಅಪ್ಪನ ಅಪ್ಪನದು, ಆರು ಎಕರೆ ಇತ್ತು. ನಾನು ಹುಟ್ಟುವುದಕ್ಕಿಂತ ಮೊದಲೇ ಮುತ್ಯಾ ಅದನ್ನು ಮಾರಿ ಚಿಕ್ಕೋಡಿಗೆ ಬಂದಿದ್ದ. ಯಾಕೆ ಮಾರಿದ ಎಂಬುದು ಮಾತ್ರ ನಮ್ಮ ಮನೆಯಲ್ಲಿ ಯಾರೂ ಎತ್ತದ ಮಾತು. ಕೇಳಿದರೆ ಅಪ್ಪ ಪೇಪರು ಹಿಡಿಯುತ್ತಿದ್ದ, ಅವ್ವ ಒಲೆ ಊದುತ್ತಿದ್ದಳು, ಕಾಕಾ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ. ಆ ಸೈಕಲ್ಲಿಗೆ ಎಂದೂ ಗಾಳಿ ಕಡಿಮೆಯಾದದ್ದನ್ನು ನಾನು ಕಾಣೆ.

ಹೊಲ ಹೋದರೂ ಅದರ ಕಾಟ ಹೋಗಲಿಲ್ಲ. ಅಥಣಿ ಬಸ್ಸಿನಿಂದ ತೆಲಸಂಗದ ಕಡೆಯ ಮುದುಕರು ಯಾರಾದರೂ ಇಳಿದರೆ ಸಾಕು, ಕಾಕಾ ನಿಲ್ದಾಣದಲ್ಲೇ ಹಿಡಿದುಬಿಡುತ್ತಿದ್ದ. ಕೋರ್ಟಿನ ತಾರೀಖಿಗೆ ಬಂದವರು, ದವಾಖಾನೆಗೆ ಬಂದವರು, ಅವನಿಗೆ ಅದೆಲ್ಲ ಯಾಕೆ? ನಮ್ಮ ಬಾವಿಯ ಮೆಟ್ಟಿಲು ಬಡಗಣ ಕಡೆ ಇದ್ದವೋ ಮೂಡಣ ಕಡೆಯೋ, ಗಡಿಯ ಬಾಂದಗಲ್ಲು ಬೇವಿನ ಮರದ ಆಚೆಯೋ ಈಚೆಯೋ, ಇವೇ ಪ್ರಶ್ನೆ. ಹತ್ತು ಜನ ಹತ್ತು ದಿಕ್ಕು ಹೇಳುತ್ತಿದ್ದರು. ಹೇಳಿದಾಗಲೆಲ್ಲ ಮನೆಗೆ ಬಂದು ಬಾವಿ ಸರಿಸುತ್ತಿದ್ದ. ಆ ಬಾವಿ ಸರಿದಾಡಿದಷ್ಟು ನಮ್ಮ ಮನೆಯಲ್ಲಿ ಮಂಚ ಸರಿದಾಡಿಲ್ಲ. ಒಮ್ಮೆ ಅಪ್ಪ ಬೇಸತ್ತು, ಮುಂಜಾನೆ ಬಸ್ಸಿಗೆ ಹೋಗಿ ಸಂಜಿಗೆ ನೋಡಿಕೊಂಡ ಬಾರಲಾ, ಮಂದಿನ ಯಾಕ ಕಾಡ್ತಿ ಎಂದು ಬೈದ. ಅದಕ್ಕೆ ಕಾಕಾನ ಉತ್ತರ: “ಅಲ್ಲಿ ಹೋದ್ರ ಈಗಿನ ಹೊಲಾನ ಕಾಣತೈತಿ ಅಣ್ಣಾ.” ಅಲ್ಲಿ ಆಗಲೇ ಯಾರೋ ದ್ರಾಕ್ಷಿ ಹಚ್ಚಿ, ಕಲ್ಲು ನೆಟ್ಟು, ತಂತಿ ಎಳೆದಿದ್ದರು.

ಇನ್ನು ಬಣ್ಣದ ಕಥೆ. ಎರೆ ಮಣ್ಣಿನ ಕರಿ ಬಣ್ಣ ಅಂಗಡಿಯ ಟ್ಯೂಬಿನಲ್ಲಿ ಬರುವುದಿಲ್ಲವಂತೆ. ಅಂಗಡಿಯ ಕರಿ ಸತ್ತ ಕರಿ, ನಮ್ಮದು ಜೀವ ಇದ್ದ ಕರಿ ಅನ್ನುತ್ತಿದ್ದ. ಯಾರ ಕೈಯಲ್ಲೋ ತೆಲಸಂಗದ ಮಣ್ಣು ತರಿಸಿ ಬಿಸ್ಕೀಟಿನ ಡಬ್ಬಿಯಲ್ಲಿ ತುಂಬಿಟ್ಟಿದ್ದ. ಮನೆಗೆ ಬಂದ ಬೀಗರೊಬ್ಬರು ಅವಲಕ್ಕಿ ಚೂಡಾ ಇರಬೇಕೆಂದು ಆ ಡಬ್ಬಿಗೆ ಕೈ ಹಾಕಿದ್ದೂ ಆಯಿತು. ಮಣ್ಣಿಗೆ ನೀರು ಚಿಮುಕಿಸಿ ನೋಡುವುದು, ಬಣ್ಣ ಕಲಸುವುದು, ಇದಲ್ಲ ಅನ್ನುವುದು. ಕಡೆಗೆ ಒಂದು ದಿನ ಅವ್ವನ ರೊಟ್ಟಿ ಹಂಚಿನ ಅಡಿಯ ಮಸಿಯನ್ನು ಚಮಚದಿಂದ ಕೆರೆದು ಎಣ್ಣೆಯಲ್ಲಿ ಕಲಸಿದ. ಬಣ್ಣ ಕೂಡಿಬಂತು! ಅಂದಿನಿಂದ ನಮ್ಮ ಹಂಚಿಗೆ ಮಸಿ ನಿಲ್ಲಲಿಲ್ಲ. ಮಂದಿಯ ಮನೆಯಲ್ಲಿ ಮೈದುನರು ಹೊಲದಿಂದ ಕಾಳು ತರುತ್ತಾರೆ, ನಮ್ಮ ಮನೆಯಲ್ಲಿ ನನ್ನ ಹಂಚಿನಿಂದ ಹೊಲ ಒಯ್ಯುತ್ತಾನೆ ಎಂದು ಅವ್ವ ಓಣಿಗೆಲ್ಲ ಹೇಳಿಕೊಂಡು ತಿರುಗಿದಳು.

ಶಾಲೆಯಲ್ಲಾದರೂ ನೆಟ್ಟಗಿದ್ದನೇ? ನಿಸರ್ಗ ಚಿತ್ರ ತೆಗೆಯಿರಿ ಎಂದರೆ ಚಿಕ್ಕೋಡಿಯ ಮಕ್ಕಳೂ ಎಲ್ಲ ಊರಿನ ಮಕ್ಕಳಂತೆ ಎರಡು ತ್ರಿಕೋನ ಗುಡ್ಡ, ನಡುವೆ ಸೂರ್ಯ, ಹರಿಯುವ ಹೊಳೆ, ದಂಡೆಗೊಂದು ತೆಂಗಿನ ಮರ ಬರೆಯುತ್ತಿದ್ದರು. ಕಾಕಾ ವರ್ಗದಲ್ಲಿ ಎಲ್ಲರಿಗೂ ಸೊನ್ನೆ ಕೊಟ್ಟ. ಈ ಗುಡ್ಡ ಎಲ್ಲಿ ನೋಡಿದ್ರಿ, ಈ ತೆಂಗು ಯಾರ ಹಿತ್ತಲದಾಗ ಐತಿ, ನಿಮ್ಮ ಮನೆಯ ಹಿಂದಿನ ಬಾಗಿಲಲ್ಲಿ ನಿಂತರೆ ಏನು ಕಾಣುತ್ತದೋ ಅದನ್ನು ತೆಗೆಯಿರಿ ಎಂದು ಕೂಗಾಡಿದ. ಒಬ್ಬ ಹುಡುಗಿ ಎಮ್ಮೆಯ ಹಿಂಭಾಗ, ಬಾಲ ಮತ್ತು ಸಗಣಿಯ ಬುಟ್ಟಿ ತೆಗೆದಳು. ಅವಳಿಗೆ ಐವತ್ತಕ್ಕೆ ನಲವತ್ತೊಂಬತ್ತು! ಉಳಿದವರ ಪಾಲಕರೆಲ್ಲ ಹೆಡ್‌ಮಾಸ್ತರರ ಮುಂದೆ ಬಂದು ನಿಂತರು. ಕಾಕಾ ತಾನು ಮಾತ್ರ ಹಿಂದಿನ ಬಾಗಿಲಲ್ಲಿ ಕಾಣುವುದನ್ನು ಒಮ್ಮೆಯೂ ತೆಗೆದವನಲ್ಲ. ಇದನ್ನು ನಾನು ಕೇಳಿದೆ. ನನ್ನ ಹಿಂದಿನ ಬಾಗಿಲು ತೆಲಸಂಗದಾಗ ಐತಿ ಅಂದ. ಇಂಥವನ ಸಂಗಡ ವಾದ ಮಾಡಿ ಯಾರು ಗೆದ್ದಾರು?

ಇಷ್ಟರವರೆಗೆ ಹಾಳೆಯ ಮೇಲಿದ್ದ ಹೊಲ ನನ್ನ ಕೊರಳಿಗೆ ಬಂದದ್ದು ಫೋಟೋ ಸ್ಟುಡಿಯೋದಿಂದ. ಎಂಬತ್ತರ ದಶಕ ಮುಗಿಯುತ್ತ ಬಂದಾಗ ನಿಪ್ಪಾಣಿ ಕಡೆಯವರೊಬ್ಬರು ನಮ್ಮ ಮನೆಯ ಹತ್ತಿರದ ಪೇಟೆಯಲ್ಲಿ ಸ್ಟುಡಿಯೋ ಹಾಕಿದರು. ಫೋಟೋಕ್ಕೆ ನಿಂತವರ ಹಿಂದೆ ತೂಗುಬಿಡಲು ದೊಡ್ಡದೊಂದು ಪಡದೆ ಬೇಕಾಗಿತ್ತು. ಒಂದು ಸರೋವರ, ನಾಲ್ಕು ಹಂಸ, ಹಿಂದೆ ಹಿಮದ ಬೆಟ್ಟ ಬರೆದುಕೊಡಿ ಎಂದು ಕಾಕಾನ ಕೈಗೆ ಗಟ್ಟಿ ಬಟ್ಟೆಯ ಥಾನು ಒಪ್ಪಿಸಿದರು. ಹಂಸವನ್ನು ಯಾರ ಕೈಗೆ ಕೊಟ್ಟರು ನೋಡಿ! ಕಾಕಾ ಒಂದೂವರೆ ತಿಂಗಳು ನಮ್ಮ ಪಡಸಾಲೆಯನ್ನು ಹಿಡಿದುಕೊಂಡ. ನಾವೆಲ್ಲ ಗೋಡೆಗೆ ಅಂಟಿಕೊಂಡು ಓಡಾಡಿದೆವು. ಹನ್ನೆರಡು ಅಡಿಯ ಪಡದೆ ಹೊತ್ತುಕೊಂಡು ಹೋಗಿ ಬಿಚ್ಚಿದಾಗ ಮಾಲಕರು ತಲೆಯ ಮೇಲೆ ಕೈ ಹೊತ್ತು ಕುಳಿತರು. ಸಂಕಟ ಹೆಚ್ಚಾದಾಗ ಅವರಿಗೆ ಮೊದಲು ಮರಾಠಿಯೇ ಬರುತ್ತಿತ್ತು.

“ಹೇ ಕಾಯ ಕೇಲಂ ಮಾಸ್ತರ, ಏನ ಮಾಡಿದ್ರಿ ಇದು? ಮಂದಿ ದಿನಾ ಹೊಲದಾಗ ದುಡದ ಬ್ಯಾಸರಾಗಿ ಇಲ್ಲಿ ಬರ್ತಾರ. ಇಲ್ಲೂ ಹೊಲಾನ?”

ಬೇರೆ ಬಟ್ಟೆ ತರುವ ಮನಸ್ಸಾಗದೆ ಅವರು ಅದನ್ನೇ ತೂಗುಹಾಕಿದರು. ಪಡದೆಯ ನಟ್ಟನಡುವೆ, ಬೇವಿನ ಬುಡದಲ್ಲಿ ಕಾಕಾ ಬರೆದಿದ್ದ ಏನೋ ಒಂದು ಅವರಿಗೆ ಸರಿಬರಲಿಲ್ಲವಂತೆ. ಅದರ ಮುಂದೆ ಪ್ಲಾಸ್ಟಿಕ್ ಹೂವಿನ ಸ್ಟ್ಯಾಂಡು ಇಟ್ಟು, ಬಂದವರನ್ನೆಲ್ಲ ಅಲ್ಲಿಯೇ ನಿಲ್ಲಿಸಿ ಮುಚ್ಚಿಬಿಟ್ಟರು. ಕಾಕಾ ವಾರಕ್ಕೊಮ್ಮೆ ಹೋಗಿ ಸ್ಟ್ಯಾಂಡು ಸರಿಸುವುದು, ಅವರು ಮತ್ತೆ ತಂದಿಡುವುದು ನಡೆದೇ ಇತ್ತು.

ನನ್ನ ಬಿ.ಎ. ಮುಗಿಯಿತು. ಸಂಬಂಧ ನೋಡಲು ಫೋಟೋ ಬೇಕೆಂದು ಅಪ್ಪ ನನ್ನನ್ನು ಅದೇ ಸ್ಟುಡಿಯೋಕ್ಕೆ ಕಳಿಸಿದ. ನಾನು ಅವ್ವನ ಇಳಕಲ್ ಸೀರೆ ಉಟ್ಟು, ಪೌಡರ್ ಹಚ್ಚಿಕೊಂಡು ಹೋಗಿ ಹೂವಿನ ಸ್ಟ್ಯಾಂಡಿಗೆ ಕೈ ಆನಿಸಿ ನಿಂತೆ. ಮಾಲಕರು ದೀಪ ಹಾಕುವುದಕ್ಕೂ ಕಾಕಾ ಸೈಕಲ್ಲು ಒಗೆದು ಒಳಗೆ ಓಡಿ ಬರುವುದಕ್ಕೂ ಸರಿಯಾಯಿತು.

“ನಡುವ ನಿಂದ್ರಬ್ಯಾಡ ಬೇ. ಸ್ವಲ್ಪ ಬಾಜೂಕ ನಿಂದ್ರು.”

ಯಾಕೆ ಎಂದೆ. ನೆರಳು ಬೀಳುತ್ತದೆ ಎಂದ. ಯಾರ ಮೇಲೆ ನೆರಳು? ಬರೆದ ಮರದ ಮೇಲೆಯೇ? ನನ್ನ ಸಿಟ್ಟು ಮೊದಲೇ ಮೂಗಿನ ತುದಿಯಲ್ಲಿರುತ್ತದೆ. ಫೋಟೋ ನಂದೊ, ನಿನ್ನ ಹೊಲದ್ದೊ ಎಂದು ಕೇಳಿ, ಇದ್ದ ಜಾಗದಿಂದ ಒಂದು ಬೆರಳಷ್ಟೂ ಸರಿಯದೆ ಗಟ್ಟಿಯಾಗಿ ನಿಂತೆ. ಆ ಮುಖವೇ ಫೋಟೋದಲ್ಲಿ ಬಂತು.

ಫೋಟೋ ಮುಗಳಖೋಡಕ್ಕೆ ಹೋಯಿತು. ಕಬ್ಬಿನ ಮನೆತನ. ಹುಡುಗ ಕಾಲೇಜು ಕಲಿತು ಒಕ್ಕಲುತನ ಮಾಡುತ್ತಿದ್ದ. ಹುಡುಗನ ಜೊತೆ ಅವನ ದೊಡ್ಡಪ್ಪ ಕನ್ಯಾ ನೋಡಲು ಬಂದರು. ಆ ದೊಡ್ಡಪ್ಪ ಅಂದರೆ ಮಣ್ಣು ಮೂಸಿ ಬೆಳೆ ಹೇಳುವಂಥವರು, ಚಿಕ್ಕೋಡಿ ಕೋರ್ಟಿನ ಮೆಟ್ಟಿಲು ಎಷ್ಟೆಂದು ಬಾಯಿಪಾಠ ಇದ್ದವರು. ಮನೆಯಲ್ಲಿ ಅವರು ಅಂದದ್ದೇ ಕಡೆಯ ಮಾತು. ಉಪ್ಪಿಟ್ಟು ಶಿರಾ ಮುಗಿಯುವ ತನಕ ಅವರು ನನ್ನ ಮುಖ ಒಮ್ಮೆ ನೋಡಿದರೆ, ಕೈಯಲ್ಲಿದ್ದ ಫೋಟೋವನ್ನು ಹತ್ತು ಸಲ ನೋಡಿದರು. ಹುಡುಗ ಮಾತ್ರ ನನಗೆ ಒಂದು ಪ್ರಶ್ನೆ ಕೇಳಿದ. ಫೋಟೋದಲ್ಲಿ ಅಷ್ಟು ಸಿಟ್ಟಿನಿಂದ ಯಾಕೆ ನಿಂತಿದ್ದೀರಿ ಎಂದ. ಆ ಫೋಟೋದಲ್ಲಿ ನಾನೂ ಇದ್ದೇನೆಂದು ಗುರುತಿಸಿದವನು ಅವನೊಬ್ಬನೇ! ಮುಚ್ಚಿಡುವುದೇನು, ನನಗೆ ಅಲ್ಲಿಯೇ ಮನಸ್ಸಾಯಿತು. ಆದರೆ ಇವನನ್ನೇ ಆಗಬೇಕು ಎಂದು ಆಗಿನ ಕಾಲದಲ್ಲಿ ಯಾರ ಮುಂದೆ ಹೇಳುವುದು? ದೇವರ ಮುಂದೆ ದೀಪ ಹಚ್ಚಿ ಸುಮ್ಮನಿದ್ದೆ.

ಅತ್ತ ಮುಗಳಖೋಡದಲ್ಲಿ ಏನು ನಡೆಯಿತು ಅನ್ನುವುದು ನನಗೆ ಆಮೇಲೆ ತಿಳಿದದ್ದು. ದೊಡ್ಡಪ್ಪನವರು ನನ್ನ ಫೋಟೋವನ್ನು ಬಿಸಿಲಿಗೆ ಹಿಡಿದು ಹೊಲವನ್ನು ಪರೀಕ್ಷೆ ಮಾಡಿದರಂತೆ. ಎರೆ ಮಣ್ಣು ಒಳ್ಳೆಯದು, ಬಾವಿಗೆ ನೀರಿದೆ, ಮೂಲೆ ನೆಟ್ಟಗಿದೆ. ನನ್ನ ಮೊಣಕೈ ಪಕ್ಕದಲ್ಲಿ ಬೆಳ್ಳಗೆ ಏನೋ ಒಂದು ಚೂರು ಕಾಣುತ್ತಿತ್ತು. ಅದು ಬಾಂದಗಲ್ಲು ಎಂದು ತೀರ್ಮಾನಿಸಿ ಸಂತೋಷಪಟ್ಟರು. ಗಡಿ ಗುರುತು ಇದ್ದ ಹೊಲ, ಮನೆತನ ವ್ಯವಸ್ಥಿತ! ಆದರೆ ಅದೇ ವಾರ ಮಧ್ಯಸ್ಥಗಾರ ಅವರ ಮನೆಯ ಇನ್ನೊಬ್ಬ ಹುಡುಗನಿಗೆಂದು ಒಬ್ಬ ಟೇಲರನ ಮಗಳ ಫೋಟೋ ತಂದ. ಅದೇ ಹೊಲ, ಅದೇ ಬಾವಿ. ಆಮೇಲೆ ಒಬ್ಬ ಕಂಡಕ್ಟರನ ಮಗಳ ಫೋಟೋ ಬಂತು. ಅದೇ ಬೇವಿನ ಮರ!

ಬೇರೆ ಚಿತ್ರವಾಗಿದ್ದರೆ ಸ್ಟುಡಿಯೋ ನೆನಪಾಗುತ್ತಿತ್ತೋ ಏನೋ. ಹಂಸ, ಹಿಮ, ಅರಮನೆಯ ಮೆಟ್ಟಿಲು ಇದ್ದರೆ ಪಡದೆ ಎಂದು ಯಾರಿಗಾದರೂ ತಿಳಿಯುತ್ತದೆ. ಎರೆ ಹೊಲವನ್ನು ಪಡದೆಯ ಮೇಲೆ ಯಾವ ಹುಚ್ಚ ಬರೆದಾನು? ದೊಡ್ಡಪ್ಪನವರಿಗೆ ಹೊಳೆದದ್ದು ಒಂದೇ. ಒಂದು ಹೊಲವನ್ನು ಮೂರು ಮನೆತನದವರು ತಮ್ಮದೆಂದು ತೋರಿಸುತ್ತಿದ್ದಾರೆ ಅಂದರೆ ವಾಟಣಿ ಆಗಿಲ್ಲ, ಪಾಲು ಹಂಚಿಲ್ಲ, ಒಳಗೆ ದೊಡ್ಡ ತಕರಾರು ಇದೆ. ಇಂಥ ಮನೆಯ ಹೆಣ್ಣು ತಂದರೆ ನಾಳೆ ಕೋರ್ಟು ನಮ್ಮ ಬಾಗಿಲಿಗೆ ಬರುತ್ತದೆ!

ಮೂರೂ ಫೋಟೋ ಜೇಬಿಗೆ ಹಾಕಿಕೊಂಡು ಅವರು ಚಿಕ್ಕೋಡಿಗೆ ಬಂದು ಒಬ್ಬ ವಕೀಲರ ಮನೆಗೆ ಹೋದರು. ವಕೀಲರು ಸ್ನಾನಕ್ಕೆ ಹೋಗಿದ್ದರು. ಕಾಯುತ್ತ ಕುಳಿತವರು ತಲೆ ಎತ್ತಿ ಗೋಡೆ ನೋಡಿದರು. ಗೋಡೆಯ ಮೇಲೆ ದೊಡ್ಡ ಫೋಟೋ. ಅದೇ ಹೊಲದಲ್ಲಿ, ಅದೇ ಬೇವಿನ ಮರದ ಮುಂದೆ, ಕರಿ ಕೋಟು ತೊಟ್ಟ ವಕೀಲರು ಹೆಂಡತಿ ಮಕ್ಕಳ ಸಮೇತ ನಿಂತಿದ್ದಾರೆ! ಕೊಟ್ಟ ಚಾ ಕುಡಿಯದೆ ದೊಡ್ಡಪ್ಪನವರು ಎದ್ದು ಹೊರಬಿದ್ದರು. ಹೊಲದಲ್ಲಿ ವಕೀಲನೇ ಇಳಿದ ಮೇಲೆ ಕೇಳುವುದು ಇನ್ನೇನಿದೆ?

ಅಲ್ಲಿಂದ ನೆಟ್ಟಗೆ ನಮ್ಮ ಮನೆಗೆ ಬಂದರು. ಅಪ್ಪ ನೀರು ಬೆಲ್ಲ ಕೊಟ್ಟು ಕೂಡಿಸಿದ. ಅವರು ಬೆಲ್ಲ ಮುಟ್ಟಲಿಲ್ಲ. ಮೂರು ಫೋಟೋಗಳನ್ನು ಚಾಪೆಯ ಮೇಲೆ ಸಾಲಾಗಿ ಇಟ್ಟು, ಹುಡುಗಿಯ ಬಗ್ಗೆ ತಮ್ಮದೇನೂ ಮಾತಿಲ್ಲ, ಈ ಹೊಲ ಯಾರದು ಅಷ್ಟು ಹೇಳಿ, ತಂಟೆ ಇದ್ದರೆ ನಾವು ಇಲ್ಲಿಗೇ ಬಿಡುತ್ತೇವೆ ಎಂದರು. ನಾನು ಅಡಿಗೆ ಮನೆಯ ಬಾಗಿಲ ಹಿಂದೆ ಕಿವಿಗೊಟ್ಟು ನಿಂತಿದ್ದೆ. ಅದೊಂದು ಪಡದೆ ಎಂದರೆ ಮುಗಿಯಿತು. ಅಪ್ಪ ಬಾಯಿ ತೆರೆಯುವಷ್ಟರಲ್ಲಿ ಕಾಕಾ ಕೈಯಲ್ಲಿ ಬ್ರಶ್ ಹಿಡಿದುಕೊಂಡು ಒಳಗಿನಿಂದ ಬಂದು ಫೋಟೋ ನೋಡಿದ.

“ನಮ್ದರಿ. ಆರ ಎಕರೆ. ಮೂಡಣಕ್ಕ ಹಳ್ಳ, ಬಡಗಣಕ್ಕ ಗುಡಿ ದಾರಿ. ಬಾವಿಗೆ ಹದಿನಾಕ ಮೆಟ್ಟಲ, ನೀರ ಸೀ ಅದಾವ.”

ದೊಡ್ಡಪ್ಪನವರು ಸರ್ವೆ ನಂಬರ್ ಕೇಳಿದರು. ನಮ್ಮ ಕಾಕಾ, ನನ್ನ ಹುಟ್ಟಿದ ದಿನ ನೆನಪಿಡದ ಕಾಕಾ, ಸರ್ವೆ ನಂಬರನ್ನು ತಟ್ಟನೆ ಹೇಳಿಬಿಟ್ಟ! ಹಾಗಾದರೆ ಈ ಇಬ್ಬರು ಹುಡುಗಿಯರು ಯಾರು, ಅವರಿಗೂ ವಾಟಾ ಇದೆಯೋ ಎಂದು ಅವರು ಕೇಳಿದರು. ಯಾರಾದರೂ ಬಂದು ನಿಲ್ಲಲಿ, ನಾನು ಬೇಡವೆನ್ನುವುದಿಲ್ಲ ಎಂದ ಕಾಕಾ. ಅಪ್ಪ ಹಣೆ ಒತ್ತಿಕೊಂಡ. ದೊಡ್ಡಪ್ಪನವರು ಫೋಟೋಗಳನ್ನು ಒಂದೊಂದಾಗಿ ಜೇಬಿಗೆ ಹಾಕತೊಡಗಿದರು. ಮೂರನೆಯದು ನನ್ನದು. ಅದು ಜೇಬಿಗಿಳಿದರೆ ನನ್ನ ಸಂಬಂಧವೂ ಇಳಿದಂತೆಯೇ. ನನಗೆ ತಡೆಯಲಾಗಲಿಲ್ಲ. ಅವ್ವ ಸೆರಗು ಹಿಡಿದು ಎಳೆದರೂ ಬಿಡಿಸಿಕೊಂಡು ಪಡಸಾಲೆಗೆ ಬಂದುಬಿಟ್ಟೆ.

“ಅದು ಹೊಲ ಅಲ್ರಿ ದೊಡ್ಡಪ್ಪಾರ. ಪಡದಿ. ಪ್ಯಾಟ್ಯಾಗ ಸ್ಟುಡಿಯೋದಾಗ ತೂಗ ಹಾಕ್ಯಾರ. ನಮ್ಮ ಕಾಕಾನ ತಗದಾನ.”

ಕನ್ಯೆ ಹೀಗೆ ಹಿರಿಯರ ನಡುವೆ ಬಂದು ಮಾತಾಡುವುದುಂಟೇ? ಅವ್ವ ಒಳಗೇ ಕುಸಿದು ಕುಳಿತಳು. ದೊಡ್ಡಪ್ಪನವರು ನನ್ನನ್ನು ಆಗ ಮೊದಲ ಸಲ ಸರಿಯಾಗಿ ನೋಡಿದರು. ಫೋಟೋ ನೋಡಿದರು. ಮತ್ತೆ ನನ್ನನ್ನು ನೋಡಿದರು. ಆಮೇಲೆ ಎದ್ದು ಚಪ್ಪಲಿ ಮೆಟ್ಟಿಕೊಂಡು, ತೋರಸ ನಡಿ ಅಂದರು.

ಪೇಟೆಯಲ್ಲಿ ನಮ್ಮ ಮೆರವಣಿಗೆ ಹೊರಟಿತು. ಮುಂದೆ ನಾನು, ಹಿಂದೆ ದೊಡ್ಡಪ್ಪನವರು, ಅವರ ಹಿಂದೆ ತಲೆ ತಗ್ಗಿಸಿದ ಅಪ್ಪ, ಕಡೆಗೆ ಬ್ರಶ್ ಹಿಡಿದ ಕಾಕಾ. ಸ್ಟುಡಿಯೋದ ಮಾಲಕರು ಗಾಬರಿಯಾಗಿ ಹೂವಿನ ಸ್ಟ್ಯಾಂಡು ಎತ್ತಿ ಪಕ್ಕಕ್ಕಿಟ್ಟು ಎರಡೂ ದೀಪ ಹಾಕಿದರು. ಪಡದೆಯ ಮುಂದೆ ಯಾರೂ ನಿಂತಿರಲಿಲ್ಲ. ಆ ಹೊಲವನ್ನು ಹಾಗೆ ಬರಿದಾಗಿ ನಾನೂ ಅಂದೇ ನೋಡಿದ್ದು. ಮನೆಯಲ್ಲಿ ಬರೆಯುವಾಗ ತುಣುಕು ತುಣುಕಾಗಿ ಕಂಡಿತ್ತು, ಕಡೆಯ ದಿನಗಳಲ್ಲಿ ಕಾಕಾ ಅದರ ಮೇಲೆ ಹಳೆಯ ಧೋತರ ಹೊದಿಸಿಟ್ಟಿದ್ದ.

ದೊಡ್ಡಪ್ಪನವರು ಹತ್ತಿರ ಹೋದರು. ಮೋಸ ಮಾಡಿದಿರಿ ಎಂದು ಅವರು ತಿರುಗಿ ಬೈಯುವುದನ್ನೇ ಕಾಯುತ್ತಿದ್ದೆ. ಅವರು ಬಗ್ಗಿ, ಚಿತ್ರದ ಮಣ್ಣನ್ನು ಬೆರಳಿನಿಂದ ತಿಕ್ಕಿ, ಮಳೆಯಾಗಿ ಎರಡು ದಿನ ಆಗಿದೆ ಎಂದರು. ಮೂರು ದಿನ ಎಂದ ಕಾಕಾ. ಅವರು ಮತ್ತೊಮ್ಮೆ ನೋಡಿ, ಹೌದು, ಮೂರು ದಿನ ಎಂದು ಒಪ್ಪಿಕೊಂಡರು. ಆಮೇಲೆ ಅವರ ಬೆರಳು ಬೇವಿನ ಬುಡಕ್ಕೆ ಬಂದು ನಿಂತಿತು.

“ಇಲ್ಲಿ ಬುತ್ತಿ ಬಿಚ್ಚಿ ಕುಂತಾಂವ ಯಾರರಿ?”

ಅಪ್ಪ ಕನ್ನಡಕ ಒರೆಸಿಕೊಂಡು ಮುಂದೆ ಹೋದ. ಗೇಣುದ್ದದ ಒಬ್ಬ ಮುದುಕ. ಬಿಳಿ ರುಮಾಲು, ಒಂದು ಮೊಣಕಾಲು ಎತ್ತಿ ಕೂತ ರೀತಿ, ಅಂಗೈ ಮೇಲೆ ರೊಟ್ಟಿ. ಅಪ್ಪ ತನ್ನ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು, ನಮ್ಮಪ್ಪ ಎಂದ.

ಮನೆಯಲ್ಲಿ ಯಾರೂ ಎತ್ತದ ಮಾತನ್ನು ಅಪ್ಪ ಅಂದು ಪರರ ಮುಂದೆ ಹೇಳಿದ. ಕಾಕಾನಿಗೆ ಚಿತ್ರಕಲೆ ಕಲಿಯುವ ಹುಚ್ಚು ಇತ್ತು, ಕಲಿಯಲು ಕೊಲ್ಲಾಪುರಕ್ಕೆ ಹೋಗಬೇಕಾಗಿತ್ತು. ಮುತ್ಯಾ ಆರು ಎಕರೆ ಮಾರಿ ಕಳಿಸಿದ. ಚಿತ್ರ ತೆಗೆಯುವುದಕ್ಕೆ ಹೊಲ ಮಾರಿದ ಎಂದು ತೆಲಸಂಗವೆಲ್ಲ ನಕ್ಕಿತು. ಚಿಕ್ಕೋಡಿಗೆ ಬಂದ ಮೇಲೂ ಮುತ್ಯಾ ದಿನಾ ಮುಂಜಾನೆ ನಮ್ಮವ್ವನ ಕೈಯಿಂದ ಬುತ್ತಿ ಕಟ್ಟಿಸಿಕೊಳ್ಳುತ್ತಿದ್ದ. ಹೋಗಲು ಹೊಲವಿಲ್ಲ. ಅಥಣಿ ರಸ್ತೆಯ ಕಡೆ ಮುಖ ಮಾಡಿ ಕಟ್ಟೆಯ ಮೇಲೆ ಕುಳಿತಿದ್ದು, ಮಧ್ಯಾಹ್ನ ಅಲ್ಲೇ ಬುತ್ತಿ ಬಿಚ್ಚಿ ಉಣ್ಣುತ್ತಿದ್ದ. ಕಾಕಾ ಕಲಿತು ಬರುವ ಮೊದಲೇ ಹೋಗಿಬಿಟ್ಟ. ಮಗ ತೆಗೆದ ಒಂದು ಚಿತ್ರವನ್ನೂ ನೋಡಲಿಲ್ಲ.

ಕಾಕಾ ಪಡದೆಯ ಕಡೆ ನೋಡುತ್ತ ಹೇಳಿದ: “ಮಾರಿದ ಮ್ಯಾಲೆ ಒಂದ ಸಲಾನೂ ಅಂವ ಹೊಲಕ್ಕ ಹೋಗಲಿಲ್ರಿ. ಅದಕ್ಕ ಇಲ್ಲೆ ತಂದ ಕುಂಡ್ರಸೀನಿ.”

ಸ್ಟುಡಿಯೋದ ಮಾಲಕರು ಹೂವಿನ ಸ್ಟ್ಯಾಂಡನ್ನು ಎತ್ತಿಕೊಂಡು ಹೋಗಿ ಒಳಗಿನ ಕೋಣೆಯಲ್ಲಿಟ್ಟು ಬಂದರು. ಇಷ್ಟು ವರ್ಷ ಈ ಮನುಷ್ಯನ ಮೇಲೆ ಹರಿಹಾಯ್ದದ್ದೆಲ್ಲ ಒಮ್ಮೆಗೇ ನೆನಪಾಗಿ ಅಳು ಬಂತು. ದೊಡ್ಡಪ್ಪನವರು ಜೇಬಿನಿಂದ ನನ್ನ ಫೋಟೋ ತೆಗೆದು ಅಪ್ಪನ ಕೈಯಲ್ಲಿಟ್ಟರು. ಮುಗಿಯಿತು, ಫೋಟೋ ತಿರುಗಿ ಕೊಟ್ಟರು ಅಂದುಕೊಂಡೆ.

“ಹೊಲಾ ಚೊಕ್ಕ ಐತ್ರಿ,” ಅಂದರು ದೊಡ್ಡಪ್ಪನವರು. “ತಕರಾರ ಏನಿಲ್ಲ. ಮುಹೂರ್ತ ನೋಡ್ರಿ.”

ನಮ್ಮ ಕಡೆ ಹೊಲ ಇದ್ದವರು ಮಗಳಿಗೆ ಅರಿಷಿಣ ಕುಂಕುಮಕ್ಕೆಂದು ತುಂಡು ಹೊಲ ಕೊಡುವ ರೂಢಿ ಇದೆ. ನನ್ನ ಮದುವೆಯ ದಿನ ಕಾಕಾ ಒಂದು ಬಿದಿರು ಗಳ ಹೆಗಲ ಮೇಲೆ ಹೊತ್ತುಕೊಂಡು ಹಂದರಕ್ಕೆ ಬಂದ. ಹೊಸದೊಂದು ಹಂಸದ ಪಡದೆಯನ್ನು, ಹಲ್ಲು ಕಚ್ಚಿಕೊಂಡು, ಸ್ಟುಡಿಯೋಕ್ಕೆ ಬರೆದುಕೊಟ್ಟು ಇದನ್ನು ಬಿಡಿಸಿಕೊಂಡು ಬಂದಿದ್ದ. ಹಂಸಗಳೆಲ್ಲ ಕೊಕ್ಕರೆಯಂತಿದ್ದವು ಎಂದು ಆಮೇಲೆ ಕೇಳಿದೆ. ಸುರುಳಿಗೆ ಅರಿಷಿಣ ಕುಂಕುಮ ಹಚ್ಚಿ ನನ್ನ ಕೈಗೆ ಕೊಟ್ಟ. ಆರು ಎಕರೆ, ಬಾವಿ ಸಮೇತ.

ಪಡೆದದ್ದು ಸುಲಭ, ಬಾಳಿಸುವುದು ನನಗೇ ಗೊತ್ತು! ಹನ್ನೆರಡು ಅಡಿಯ ಹೊಲಕ್ಕೆ ಮುಗಳಖೋಡದ ಮನೆಯಲ್ಲಿ ಗೋಡೆ ಸಿಗಲಿಲ್ಲ. ಜಂತಿಯ ಮೊಳೆಗೆ ಸುರುಳಿಯಾಗಿಯೇ ತೂಗುತ್ತದೆ. ಇಲಿ ಕಾಯಬೇಕು, ನುಸಿಗೆ ಬೇವಿನೆಲೆ ಇಡಬೇಕು, ಮಳೆಗಾಲ ಮುಗಿದ ಮೇಲೆ ಅಂಗಳದಲ್ಲಿ ಬಿಚ್ಚಿ ಬಿಸಿಲಿಗೆ ಹಾಕಬೇಕು. ಆ ದಿನ ದೊಡ್ಡಪ್ಪನವರು ಅದರ ಎದುರಿಗೇ ಕುರ್ಚಿ ಹಾಕಿಸಿಕೊಂಡು ಕೂಡುತ್ತಾರೆ, ಕೋಳಿ ಹಾಯಗೊಡುವುದಿಲ್ಲ. ಕಾಕಾನೂ ಚಿಕ್ಕೋಡಿಯಿಂದ ತಪ್ಪದೆ ಬರುತ್ತಾನೆ. ಬಂದವನು ಸುಮ್ಮನಿರುತ್ತಾನೆಯೇ? ಬಾವಿ ಎರಡು ಬೆರಳು ಸರಿಯಬೇಕಾಗಿತ್ತು ಎಂದು ನನ್ನ ಅತ್ತೆಯ ಹಂಚಿನ ಮಸಿ ಕೆರೆಯಲು ಒಳಗೆ ಹೋಗುತ್ತಾನೆ. ಅತ್ತೆಯ ಬೈಗುಳ ನಾನು ತಿನ್ನುತ್ತೇನೆ.

ಆ ಹಳೆಯ ಫೋಟೋ ಈಗಲೂ ನನ್ನ ಪೆಟ್ಟಿಗೆಯಲ್ಲಿದೆ. ಆಗಾಗ ತೆಗೆದು ನೋಡುತ್ತೇನೆ. ಇಳಕಲ್ ಸೀರೆ, ಗಂಟು ಹಾಕಿದ ಮುಖ, ನಟ್ಟನಡುವೆ ಗಟ್ಟಿಯಾಗಿ ನಿಂತ ನಾನು. ಮೊಣಕೈ ಪಕ್ಕದಲ್ಲಿ ಬೆಳ್ಳಗಿನ ಒಂದು ಚೂರು, ದೊಡ್ಡಪ್ಪನವರು ಬಾಂದಗಲ್ಲು ಎಂದುಕೊಂಡದ್ದು. ಅದು ಮುತ್ಯಾನ ರುಮಾಲಿನ ತುದಿ. ನಾನು ಹುಟ್ಟುವ ಮೊದಲೇ ಹೋದವನು, ಅವನ ಜೊತೆ ಒಂದು ಫೋಟೋ ನನಗೆ ಎಲ್ಲಿಂದ ಬರಬೇಕು? ಕಾಕಾ ಅಷ್ಟು ಹೇಳಿದ. ಸ್ವಲ್ಪ ಬಾಜೂಕ ನಿಂತಿದ್ದರೆ ಇಬ್ಬರೂ ಬರುತ್ತಿದ್ದೆವು.